ಕಾರಿನ ಸ್ಪೀಕರ್‌ನಲ್ಲಿ ಕುಂಯ್ ಸದ್ದೇ?

ಆಂಪ್ಲಿಫೈಯರ್ ಹಾಕಿಸಿದ ಮಾರನೇ ದಿನವೇ ನನ್ನ ಕಾರಿನ ಸ್ಪೀಕರ್ ಕುಂಯ್ ಎನ್ನತೊಡಗಿತು. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಜಾಸ್ತಿ. ಹೀಗೆ ಏರಿಳಿದರೆ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನಿಂದ ಬರುವ ಗಲಾಟೆ. ಸುಮ್ನೆ ಸ್ಪೀಕರ್ ಬದಲಿಸಬೇಡಿ.

ಆಂಪ್ ಆಫ್ ಮಾಡಿ, ಸ್ಟೀರಿಯೊದಿಂದ ಅದಕ್ಕೆ ಹಾಡಿನ ಸಿಗ್ನಲ್ ತರುವ ಆರ್‌ಸಿಎ ವೈರ್ ಕಿತ್ತು, ಮತ್ತೆ ಆನ್ ಮಾಡಿ. ನನಗೆ ಸದ್ದು ನಿಂತಿತು. ಅಂದರೆ ಅನುಮಾನ ಅರ್ತಿಂಗ್ ಮೇಲೆ, ಇಲ್ಲವೇ ಆ ವೈರಿನ ಮೇಲೆ.

ಡಿಕ್ಕಿಯ ಮ್ಯಾಟ್ ಎತ್ತಿದೆ. ಆಂಪ್‌ನ ಅರ್ತ್ ವೈರನ್ನು ಕಾರಿನ ಬಾಡಿಯ ಪೇಂಟ್ ಮೇಲೆಯೇ ಸ್ಕ್ರೂ ಮಾಡಿದ್ದರು! ಪೇಂಟ್ ಮೂಲಕ ಕರೆಂಟ್ ಸರಿಯಾಗಿ ಹರಿಯಲ್ಲ, ಅಲ್ವಾ? ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು, ರೂಪಾಯಿ ನಾಣ್ಯದಷ್ಟು ಜಾಗವನ್ನು ತಗಡು ಹೊಳೆಯುವವರೆಗೂ ಸ್ಯಾಂಡ್‌ಪೇಪರ್‌ನಿಂದ ಉಜ್ಜಿದೆ. ವೈರಿನ ತುದಿಗೆ ರಿಂಗ್ ಲಗ್ (ಬೋಲ್ಟ್ ತೂರಿಸುವ ಲೋಹದ ಬಳೆ) ಹಾಕಿ ಬೋಲ್ಟ್ ಬಿಗಿ ಮಾಡಿ, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿದೆ. ಮುಕ್ಕಾಲು ಪಾಲು ಸದ್ದು ಹೋಯಿತು.

ಉಳಿದದ್ದಕ್ಕೆ ಆರ್‌ಸಿಎ ವೈರನ್ನು ಪವರ್ ಕೇಬಲ್‌ನಿಂದ ದೂರ, ಕಾರಿನ ಇನ್ನೊಂದು ಬದಿಯಲ್ಲಿ ಎಳೆದೆ. ಆ ವೈರಿನ ನಡುವೆ ಹಾಕಿ ಈ ಸದ್ದು ತಡೆಯುವ ಗ್ರೌಂಡ್ ಲೂಪ್ ಐಸೊಲೇಟರ್ ಕೊನೆಗಿರಲಿ. ಅಗ್ಗದ್ದು ಹಾಡಿನ ಬೇಸ್ (ದಪ್ಪ ದನಿ) ತಿನ್ನುತ್ತದೆ.