ಮಳೆಗಾಲದ ಮಧ್ಯಾಹ್ನ ಥೇಮ್ಸ್ ನದಿಯ ದೋಣಿ ಪಂದ್ಯ ನೋಡುವುದು ಹೇಗೆ?

ಜುಲೈ ಶುರುವಿಗೆ ನಮ್ಮಲ್ಲಿ ಮಳೆ ಹಿಡಿದಿರುತ್ತದೆ. ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತಾ ಅಂತ ಶಿವಮೊಗ್ಗದವರು ತುಂಗಾ ಹೊಳೆ ನೋಡಲು ಹೋಗುತ್ತಾರೆ. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೇಸಿಗೆ. ಅಲ್ಲಿ ಥೇಮ್ಸ್ ದಡದ ಹೆನ್ಲಿಯಲ್ಲಿ ಆರು ದಿನ ಹೆನ್ಲಿ ರಾಯಲ್ ರೆಗಾಟಾ ನಡೆಯುತ್ತದೆ. 1839ರಲ್ಲಿ ಶುರುವಾದ ದೋಣಿ ಪಂದ್ಯ ಇದು. ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಹೊಳೆಯ ಸೆಳವು, ಸುಳಿ ನೋಡುತ್ತಾ ಬೆಳೆದ ನಮಗೆ ಈ ಆಟ ಬೇಗ ಹಿಡಿಸುತ್ತದೆ.

ಮೊದಲು ದಿನ ಆರಿಸಿಕೊಳ್ಳಿ. ಮಂಗಳವಾರ, ಬುಧವಾರ ಪಂದ್ಯಗಳು ಜಾಸ್ತಿ, ಆದರೆ ಎದುರಾಳಿ ತಂಡಗಳು ಎಷ್ಟೋ ಸಲ ಸರಿಸಮ ಇರುವುದಿಲ್ಲ. ಭಾನುವಾರ ಫೈನಲ್. ನನ್ನ ಕೇಳಿದರೆ ಶನಿವಾರವೇ ಒಳ್ಳೇದು. ಗಟ್ಟಿ ತಂಡಗಳಷ್ಟೇ ಉಳಿದಿರುತ್ತವೆ, ಪಂದ್ಯಗಳೂ ಸಾಕಷ್ಟಿರುತ್ತವೆ. ಅಲ್ಲಿ ಆಗ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅವರ ಬೆಳಗ್ಗೆ 9 ಅಂದರೆ ನಮ್ಮ ಮಧ್ಯಾಹ್ನ 1.30. ಊಟ ಮುಗಿಸಿ ಕೂತರೆ ಸರಿಯಾಗುತ್ತದೆ. ಮಳೆಗೆ ಕರೆಂಟ್ ಹೋಗುವುದು ಇದ್ದದ್ದೇ, ಫೋನ್ ಮೊದಲೇ ಚಾರ್ಜ್ ಮಾಡಿಡಿ.

ಆಮೇಲೆ ಪಂದ್ಯದ ದಾರಿ ಗೊತ್ತು ಮಾಡಿಕೊಳ್ಳಿ. 2,112 ಮೀಟರ್, ನೇರ. ಟೆಂಪಲ್ ಐಲೆಂಡ್ ಎಂಬ ನಡುಗಡ್ಡೆಯ ಹತ್ತಿರ ಶುರು. ಅಲ್ಲಿಂದ ಹೊಳೆ ಹರಿಯುವ ದಿಕ್ಕಿಗೆ ಎದುರಾಗಿ ಹೋಗಬೇಕು. ಒಂದು ಸಲಕ್ಕೆ ಎರಡೇ ದೋಣಿ. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ನೀರಿನ ಸೆಳವು ಜಾಸ್ತಿಯಾದರೆ ಓಟಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಹಾಗಾಗಿ ನಿನ್ನೆಯ ಸಮಯವನ್ನು ಇವತ್ತಿನದಕ್ಕೆ ಹೋಲಿಸಬೇಡಿ.

ಎಂಟು ಜನರ ದೋಣಿಯಿಂದ ನೋಡಲು ಶುರುಮಾಡಿ. ಒಬ್ಬೊಬ್ಬರಿಗೂ ಒಂದೊಂದೇ ಹುಟ್ಟು. ಎಂಟೂ ಜನ ದೋಣಿ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂತಿರುತ್ತಾರೆ. ಮುಂದೆ ನೋಡುವವರು ಒಂಬತ್ತನೆಯವರಾದ ಕಾಕ್ಸ್, ಅಂದರೆ ಚುಕ್ಕಾಣಿ ಹಿಡಿದವರು, ಒಬ್ಬರೇ. ದಾರಿ ಹಿಡಿಯುವುದು, ಹುರಿದುಂಬಿಸುವುದು ಅವರ ಕೆಲಸ. ಕಾಕ್ಸ್‌ಗೆ ಎದುರಾಗಿ ಕೂತವರು ಸ್ಟ್ರೋಕ್. ಉಳಿದ ಏಳು ಜನರಿಗೂ ಅವರದೇ ಲಯ. ಕೂರುವ ಸೀಟು ಹಿಂದೆ ಮುಂದೆ ಜಾರುತ್ತದೆ. ಶಕ್ತಿಯೆಲ್ಲ ತೋಳಿನದು ಅಂತ ಅನ್ನಿಸುತ್ತದೆ ಅಲ್ವಾ? ಹೆಚ್ಚಿನದು ಬರುವುದು ಕಾಲಿನಿಂದ.

ಇನ್ನು ನಿಜವಾಗಿ ನೋಡಬೇಕಾದ್ದು. ಯಾರು ಮುಂದಿದ್ದಾರೆ ಅನ್ನುವುದನ್ನು ಸ್ವಲ್ಪ ಹೊತ್ತು ಬಿಡಿ. ಹುಟ್ಟುಗಳನ್ನು ನೋಡಿ. ಎಂಟೂ ಒಂದೇ ಗಳಿಗೆಗೆ ನೀರಿಗೆ ಬೀಳುತ್ತವಾ? ಒಟ್ಟಿಗೆ ಏಳುತ್ತವಾ? ಹುಟ್ಟು ಎದ್ದ ಕಡೆ ನೀರಲ್ಲಿ ಸಣ್ಣ ಸುಳಿ ಉಳಿಯುತ್ತದೆ. ಮೇಲಿನಿಂದ ತೋರಿಸುವಾಗ ಈ ಸುಳಿಗಳು ಚೆನ್ನಾಗಿ ಕಾಣುತ್ತವೆ. ಒಂದು ಎಳೆತದ ಸುಳಿಗೂ ಮುಂದಿನ ಎಳೆತದ ಸುಳಿಗೂ ಅಂತರ ಜಾಸ್ತಿ ಇದ್ದರೆ, ಒಂದೊಂದು ಎಳೆತಕ್ಕೂ ದೋಣಿ ದೂರ ಓಡುತ್ತಿದೆ ಅಂತ ಅರ್ಥ. ಅಂತರ ಕಮ್ಮಿಯಾಗುತ್ತಾ ಬಂದರೆ ತಂಡ ಸುಸ್ತಾಗುತ್ತಿರಬಹುದು. ಇದನ್ನು ಕಾಮೆಂಟರಿಯವರು ಹೇಳುವ ಮೊದಲೇ ನೀವು ಹಿಡಿಯಬಹುದು. ಆ ಖುಷಿಯೇ ಬೇರೆ.

ಕಾಮೆಂಟರಿಯಲ್ಲಿ ‘ರೇಟ್’ ಅನ್ನುವ ಮಾತು ಬರುತ್ತಲೇ ಇರುತ್ತದೆ. ನಿಮಿಷಕ್ಕೆ ಎಷ್ಟು ಸಲ ಹುಟ್ಟು ಹಾಕುತ್ತಿದ್ದಾರೆ ಅನ್ನುವ ಲೆಕ್ಕ ಅದು. ಶುರುವಿನಲ್ಲಿ 40 ದಾಟುತ್ತದೆ, ಆಮೇಲೆ ಇಳಿಯುತ್ತದೆ. ಎರಡು ದೋಣಿ ಸರಿಸಮ ಹೋಗುತ್ತಿವೆ, ಒಂದರ ರೇಟ್ 36, ಇನ್ನೊಂದರದು 40 ಅಂದುಕೊಳ್ಳಿ. ನಾನಾದರೆ 36ರವರ ಕಡೆ. ಕೊನೆಗೆ ಏರಿಸಲು ಅವರಲ್ಲಿ ಇನ್ನೂ ಉಳಿದಿರುತ್ತದೆ. ಫಲಿತಾಂಶವನ್ನು ದೋಣಿಯ ಉದ್ದದಲ್ಲಿ ಹೇಳುತ್ತಾರೆ: ಅರ್ಧ ದೋಣಿ, ಒಂದು ದೋಣಿ, ಹೀಗೆ. ಅಂತರ ತೀರಾ ದೊಡ್ಡದಾದರೆ ‘ಈಸಿಲಿ’ ಅಂತಾರೆ, ಅಷ್ಟೇ.

ಮಕ್ಕಳು ಲಂಡನ್ನಿನಲ್ಲಿದ್ದು ನೀವೇ ಹೋಗುವುದಾದರೆ ಪ್ಯಾಡಿಂಗ್ಟನ್‌ನಿಂದ ರೈಲು ಹಿಡಿಯಿರಿ. ಸಾಮಾನ್ಯವಾಗಿ ಟ್ವೈಫರ್ಡ್‌ನಲ್ಲಿ ಬದಲಿಸಬೇಕು. ಸ್ಟೂವರ್ಡ್ಸ್ ಎನ್‌ಕ್ಲೋಷರ್ ಎಂಬ ಪಂದ್ಯ ನೋಡುವ ಆವರಣ ಸದಸ್ಯರಿಗೆ, ಅವರ ಅತಿಥಿಗಳಿಗೆ ಮಾತ್ರ. ಅಲ್ಲಿ ಗಂಡಸರಿಗೆ ಕೋಟು, ಟೈ ಅಥವಾ ಕೊರಳಿಗೆ ಕಟ್ಟುವ ಕ್ರವಾಟ್ ಕಡ್ಡಾಯ. ಅಲ್ಲಿಗೆ ಪ್ರವೇಶ ಇಲ್ಲ ಅಂತ ಬೇಜಾರು ಬೇಡ. ದಡದ ಕಾಲುದಾರಿಯಲ್ಲಿ ಸುಮ್ನೆ ನಡೆಯುತ್ತಾ ನೋಡಬಹುದು. ಪಂದ್ಯ ಮುಗಿಯುವ ಕಡೆ ಜನ ಜಾಸ್ತಿ. ಟೆಂಪಲ್ ಐಲೆಂಡ್ ಕಡೆಗೆ ನಡೆದು ಹೋಗಿ. ಶುರುವಿನ ಮೊದಲ ಹತ್ತು ಎಳೆತ ಹತ್ತಿರದಿಂದ ಕಾಣುತ್ತದೆ, ಕಾಕ್ಸ್ ಕೂಗುವುದೂ ಕೇಳುತ್ತದೆ.