ಕಪ್ಲಿಂಗ್ ಅಲ್ಲ, ಹತ್ತು ರೂಪಾಯಿಯ ಆಪ್ಟೋ

"ಕಪ್ಲಿಂಗ್ ಜಾರ್ತಾ ಉಂಟು ಮಾರಾಯಾ" ಅಂದವರೆಲ್ಲ ಇದನ್ನು ಓದಲಿ ಅಂತಲೇ ಬರೆಯುತ್ತಿದ್ದೇನೆ. ನನ್ನ ಯಂತ್ರ ಕೊರೆಯುತ್ತಾ ಪಕ್ಕಕ್ಕೆ ಸರಿಯುತ್ತಿತ್ತು, ಮೋಟಾರನ್ನು ಸ್ಕ್ರೂಗೆ ಜೋಡಿಸುವ ಕಪ್ಲಿಂಗ್ ಮೇಲೆ ಅವರ ಅನುಮಾನ. ಕಾಸರಗೋಡಿನ ಬದಿಯಡ್ಕದಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ನನ್ನ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರ. ನೆಮಾ 23 ಸ್ಟೆಪರ್ ಮೋಟಾರು, ಅದು ತಿರುಗಿಸುವ 1605 ಬಾಲ್‌ಸ್ಕ್ರೂ, ಮೋಟಾರನ್ನು ನಡೆಸುವ ಟಿಬಿ6600 ಡ್ರೈವ್, ಅದಕ್ಕೆ ಆಜ್ಞೆ ಕೊಡಲು ಆರ್ಡುಯಿನೋ ಊನೋ ಬೋರ್ಡಿನಲ್ಲಿ ಜಿಆರ್‌ಬಿಎಲ್ ಸಾಫ್ಟ್‌ವೇರ್. ಹಲಸಿನ ಹಲಗೆಯಲ್ಲಿ ಮನೆ ಹೆಸರು ಕೊರೆಯುವುದೇ ಜಾಸ್ತಿ.

ಕನ್ನಡದಲ್ಲೋ ಮಲಯಾಳದಲ್ಲೋ ಹೆಸರು ಕೊರೆದರೆ ಮುಗಿಯುವಷ್ಟರಲ್ಲಿ ಎಕ್ಸ್ (ಎಡಕ್ಕೂ ಬಲಕ್ಕೂ ಓಡುವ ಆಕ್ಸಿಸ್) ಸುಮಾರು ಒಂದು ಮಿಲಿಮೀಟರ್ ಬಲಕ್ಕೆ. ಅದೇ ಗೆರೆಯ ಮೇಲೆ ಕೊನೆಯ ಫಿನಿಶಿಂಗ್ ಪಾಸ್ ಬಂದಾಗ ಪ್ರತಿ ಅಕ್ಷರದ ಪಕ್ಕ ಇನ್ನೊಂದು ಗೆರೆ. ಇಂಗ್ಲಿಷ್ ದೊಡ್ಡಕ್ಷರದ ಬೋರ್ಡು ಬಹುತೇಕ ಸರಿ, ಹಲಗೆಯ ಅಂಚು ಕತ್ತರಿಸಿದರಂತೂ ಏನೂ ಇಲ್ಲ. ಸರಿಯುವುದು ಯಾವಾಗಲೂ ಬಲಕ್ಕೇ.

ಒಬ್ಬರು ಕಪ್ಲಿಂಗ್ ಅಂದರು, ಬದಲಿಸಿದೆ. ಇನ್ನೊಬ್ಬರು ನಾಯ್ಸ್ (ವಯರಿಗೆ ಸೇರುವ ವಿದ್ಯುತ್ ಗದ್ದಲ) ಅಂದರು, ಮಂಗಳೂರಿನಿಂದ ಶೀಲ್ಡೆಡ್ ಕೇಬಲ್ ತಂದೆ. ಪವರ್ ಸಪ್ಲೈ ಸಾಲದು ಅಂದದ್ದಕ್ಕೆ 24 ವೋಲ್ಟಿನದ್ದು ತೆಗೆದು 36ರದ್ದು ಹಾಕಿದೆ. ರ‍್ಯಾಪಿಡ್ ಸ್ಪೀಡು ಚೆನ್ನಾಗಿ ಏರಿತು, ಅದು ಲಾಭವೇ, ಆದರೆ ಸರಿಯುವುದು ಹಾಗೇ ಇತ್ತು. ಒಟ್ಟು ನಾಲ್ಕು ಸಾವಿರ ಹೋಯಿತು, ಹಾಳಾದ ಹಲಗೆಗಳು ಬೇರೆ. ಕೊನೆಗೆ, ತಾನು ಎಷ್ಟು ತಿರುಗಿದೆ ಅಂತ ತಾನೇ ನೋಡಿಕೊಳ್ಳುವ ಕ್ಲೋಸ್ಡ್ ಲೂಪ್ ಮೋಟಾರು ಹಾಕು ಅಂದರು. ಒಂದು ಆಕ್ಸಿಸ್‌ಗೆ ಹತ್ತು ಸಾವಿರದ ಹತ್ತಿರ! ಅಲ್ಲಿಗೆ ಬೇರೆಯವರ ಮಾತು ಕೇಳುವುದು ಬಿಟ್ಟೆ.

ಟೂಲ್ ತೆಗೆದು, ಡಯಲ್ ಗೇಜ್ ಇಟ್ಟು, ಎಕ್ಸನ್ನು ಹತ್ತು ಮಿಲಿಮೀಟರ್ ಆಚೆ ಈಚೆ ನೂರು ಸಲ ಓಡಿಸಿದೆ. ಗೇಜ್ 0.6ರ ಮೇಲೆ ಸ್ವಲ್ಪ ತೋರಿಸಿತು. ಫೀಡ್ (ಓಡುವ ವೇಗ) ಅರ್ಧ ಮಾಡಿದೆ, ಆಗಲೂ ಅಷ್ಟೇ. ಆಕ್ಸಿಲರೇಶನ್ ಇಳಿಸಿದೆ, ಆಗಲೂ ಅಷ್ಟೇ. ಸುಮ್ನೆ ನೋಡೋಣ ಅಂತ ಮೈಕ್ರೋಸ್ಟೆಪ್ (ಮೋಟಾರಿನ ಒಂದು ಹೆಜ್ಜೆಯನ್ನು ಎಷ್ಟು ಭಾಗ ಮಾಡುವುದು ಅಂತ) ಎಂಟರಿಂದ ಹದಿನಾರಕ್ಕೆ ಹಾಕಿ, ಮಿಲಿಮೀಟರಿಗೆ ಎಷ್ಟು ಸ್ಟೆಪ್ ಅಂತ ಹೇಳುವ $100 ಸೆಟ್ಟಿಂಗನ್ನು ದುಪ್ಪಟ್ಟು, 640 ಮಾಡಿದರೆ ಸರಿಯುವುದು ಸರಿಯಾಗಿ ಅರ್ಧ! ಕಪ್ಲಿಂಗ್ ಜಾರುವುದಾದರೆ ಅದಕ್ಕೆ ಮೈಕ್ರೋಸ್ಟೆಪ್ ಎಷ್ಟು ಅಂತ ಗೊತ್ತಾಗುತ್ತದಾ? ಲೆಕ್ಕ ಹಾಕಿದೆ: ಒಂದು ಸಲ ಹೋಗಿ ಬಂದರೆ ಎರಡು ಸ್ಟೆಪ್. ದೂರಕ್ಕೂ ಸ್ಪೀಡಿಗೂ ಸಂಬಂಧ ಇಲ್ಲ, ದಿಕ್ಕು ಎಷ್ಟು ಸಲ ತಿರುಗಿತು ಅನ್ನುವುದೇ ಮುಖ್ಯ. ನಮ್ಮ ಅಕ್ಷರಗಳಲ್ಲಿ ತಿರುವುಗಳಿಗೆ ಬರವೇ ಇಲ್ಲವಲ್ಲ.

ಎಕ್ಸ್ ಮತ್ತು ವೈ ಡ್ರೈವ್ ಅದಲು ಬದಲು ಮಾಡಿದೆ. ರೋಗ ವೈಗೆ ಹೋಯಿತು. ಡ್ರೈವ್ ಬಿಚ್ಚಿದೆ. ಒಂದೊಂದು ಸ್ಟೆಪ್ ಹಾಕಿಸುವ ಪಲ್ಸ್, ಯಾವ ಕಡೆಗೆ ಅಂತ ಹೇಳುವ ಡೈರೆಕ್ಷನ್, ಎರಡೂ ಸಿಗ್ನಲ್ ಒಳಗೆ ಬರುವುದು ಆಪ್ಟೋ ಮೂಲಕ, ಅಂದರೆ ಸಿಗ್ನಲನ್ನು ಬೆಳಕಿನಲ್ಲಿ ದಾಟಿಸುವ ಚಿಪ್ ಮೂಲಕ. ಪಲ್ಸ್‌ಗೆ ವೇಗದ ಆಪ್ಟೋ, ಡೈರೆಕ್ಷನ್‌ಗೆ ಮಾತ್ರ ಅಗ್ಗದ ಪಿಸಿ817. ಸಿಗ್ನಲಿನ ಸಮಯ ತೋರಿಸುವ ಆರೇಳು ನೂರರ ಲಾಜಿಕ್ ಅನಲೈಸರ್ ಹಚ್ಚಿ ನೋಡಿದರೆ ಆ ಡೈರೆಕ್ಷನ್ ಆಪ್ಟೋ ಆನ್ ಆಗಲು ಮೂರು ನಾಲ್ಕು ಮೈಕ್ರೋಸೆಕೆಂಡ್, ಆಫ್ ಆಗಲು ಇಪ್ಪತ್ತೈದರ ಹತ್ತಿರ. ಜಿಆರ್‌ಬಿಎಲ್ ಡೈರೆಕ್ಷನ್ ಬದಲಿಸಿದ ಕೂಡಲೇ ಪಲ್ಸ್ ಬಿಡುತ್ತದೆ. ಹಾಗಾಗಿ ಒಂದು ಕಡೆ, ಆಪ್ಟೋ ಆಫ್ ಆಗಬೇಕಾದ ಕಡೆಗೆ, ತಿರುಗುವಾಗ ಮಾತ್ರ ಮೊದಲ ಪಲ್ಸ್ ಹಳೇ ದಿಕ್ಕಿಗೇ ಹೋಗುತ್ತಿತ್ತು. ಒಂದು ಸ್ಟೆಪ್ ಈಚೆ ಬರುವ ಬದಲು ಆಚೆ ಹೋದರೆ ವ್ಯತ್ಯಾಸ ಎರಡು ಸ್ಟೆಪ್. ಎರಡೂ ಕಡೆ ಅಷ್ಟೇ ತಡವಾಗಿದ್ದರೆ ಒಂದಕ್ಕೊಂದು ವಜಾ ಆಗಿ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಖಾತ್ರಿಗೆ ಅಂತ ಆ ಆಕ್ಸಿಸ್‌ನ ಪಲ್ಸನ್ನು ಜಿಆರ್‌ಬಿಎಲ್‌ನ $2 ಸೆಟ್ಟಿಂಗಿನಲ್ಲಿ ತಲೆಕೆಳಗು ಮಾಡಿದೆ. ಆಗ ಸ್ಟೆಪ್ ಆಗುವುದು ಪಲ್ಸ್ ಮುಗಿಯುವಾಗ. ಪಲ್ಸ್ ಎಷ್ಟು ಮೈಕ್ರೋಸೆಕೆಂಡ್ ಉದ್ದ ಅಂತ ಹೇಳುವ $0 ಹತ್ತರಲ್ಲಿದ್ದಾಗ ಇನ್ನೂ ಸರಿಯುತ್ತಿತ್ತು, ಮೂವತ್ತು ಮಾಡಿದಾಗ ಗೇಜಿನ ಮುಳ್ಳು ಸೊನ್ನೆ ಬಿಟ್ಟು ಅಲುಗಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ಅಷ್ಟು ಉದ್ದದ ಪಲ್ಸ್ ನನಗೆ ಇಷ್ಟ ಇಲ್ಲ. ಹೊಸ ಆಪ್ಟೋ ಬೆಸುಗೆ ಹಾಕಿದೆ, ಹತ್ತು ರೂಪಾಯಿ. ಬೇಗ ಆಫ್ ಆಗಲಿ ಅಂತ ಅದರ ಪುಲ್‌ಅಪ್ ರೆಸಿಸ್ಟರಿನ ಓಮ್ ಕೂಡ ಇಳಿಸಿದೆ. ಎಷ್ಟಕ್ಕೆ ಅಂತ ಹೇಳುವುದಿಲ್ಲ, ನಿಮ್ಮ ಬೋರ್ಡಿಗೆ ನೀವೇ ಹುಡುಕಿಕೊಳ್ಳಿ. ಸೆಟ್ಟಿಂಗ್ ಎರಡನ್ನೂ ಮೊದಲಿನಂತೆ ಮಾಡಿ ನೂರರ ಬದಲು ಸಾವಿರ ಸಲ ಓಡಿಸಿದೆ, ಸೊನ್ನೆ.

ಶೀಲ್ಡೆಡ್ ಕೇಬಲ್ ಐದಾರು ಮೀಟರ್ ಉಳಿದಿದೆ. ನಾಯ್ಸ್ ಅಂದವರು ಅರ್ಧ ರೇಟಿಗೆ ಒಯ್ಯಬಹುದು.