ಟ್ರೇಲ್ ಆ್ಯಪ್: ಮುಕ್ಕಾಲು ಕೆಲಸ ಹೊರಡುವ ಮುಂಚೆ

ಆ್ಯಪ್‌ನಲ್ಲಿ ಚಾರಣದ ಹಾದಿ ತೆರೆದರೆ ಎಲ್ಲರೂ ನೋಡುವುದು ಕಿಲೋಮೀಟರ್. ನಾನು ಮೊದಲು ನೋಡುವುದು ಒಟ್ಟು ಏರು. ಆ್ಯಪ್ ತೋರಿಸುವ ಸಮಯವನ್ನೂ ಹಾಗೇ ಒಪ್ಪುವುದಿಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಲೆಕ್ಕವೇ ನನಗೆ ಆಧಾರ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿ.ಮೀ. ನಡೆದು 900 ಮೀಟರ್ ಏರುವ ಹಾದಿಗೆ 3 ಗಂಟೆ 54 ನಿಮಿಷ ಆಯಿತು. ಕೂತು ದಣಿವಾರಿಸಿಕೊಳ್ಳುವ ಹೊತ್ತು ಇದರಲ್ಲಿಲ್ಲ. ಮೂರನೇ ಒಂದು ಪಾಲು ಸೇರಿಸಿ ಐದೂಕಾಲು ಗಂಟೆ ಎಂದುಕೊಳ್ಳುತ್ತೇನೆ. ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ, ತುದಿ ಮುಟ್ಟಲಿ ಬಿಡಲಿ ವಾಪಸ್ ತಿರುಗಲೇಬೇಕಾದ ಹೊತ್ತಿಗೆ ಫೋನಿನಲ್ಲಿ ಅಲಾರಂ ಇಡುತ್ತೇನೆ.

ಒಟ್ಟು ಏರು ಗೊತ್ತಾದರೆ ಸಾಲದು, ಅದು ಎಲ್ಲಿ ಗುಡ್ಡೆ ಬಿದ್ದಿದೆ ಎಂಬುದೂ ಬೇಕು. ಮ್ಯಾಪ್‌ನಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳೇ ಸಮೋನ್ನತ ರೇಖೆಗಳು. ಒಂದು ರೇಖೆಯಿಂದ ಇನ್ನೊಂದಕ್ಕೆ ಎತ್ತರದ ಅಂತರ 20 ಮೀಟರ್ ಇದ್ದು, ಅರ್ಧ ಕಿಲೋಮೀಟರಿನಲ್ಲಿ ಹಾದಿ ಹತ್ತು ರೇಖೆ ದಾಟಿದರೆ 200 ಮೀಟರ್ ಏರು. ಒದ್ದೆ ನೆಲದಲ್ಲಿ ಅದೇ ಜಾಗ ಇಳಿಯುವುದು ಇನ್ನೂ ಕಷ್ಟ.

ಬೇರೆಯವರ ಜಿಪಿಎಕ್ಸ್ ಫೈಲ್ (ನಡೆದ ಹಾದಿಯ ಜಿಪಿಎಸ್ ದಾಖಲೆ) ಇಳಿಸಿಕೊಂಡರೆ ದಾಖಲಾದ ತಿಂಗಳು ನೋಡಿ. ಬೇಸಿಗೆಯಲ್ಲಿ ದಾಟಿದ ಹಳ್ಳ ಮಳೆಗಾಲದಲ್ಲಿ ಬಿಡದಿರಬಹುದು. ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ ಕಂಡರೆ ಅನುಮಾನಿಸಿ. ಒಂದೋ ಅಲ್ಲಿ ಸಿಗ್ನಲ್ ತಪ್ಪಿದೆ, ಇಲ್ಲವೇ ಯಾರೋ ಮನೆಯಲ್ಲಿ ಕೂತು ಗೀಚಿದ್ದಾರೆ.

ಆಫ್‌ಲೈನ್ ಮ್ಯಾಪ್ ಇಳಿಸುವಾಗ ಹಾದಿಯ ಆಚೀಚೆ ನಾಲ್ಕೈದು ಕಿಲೋಮೀಟರ್ ಸೇರಲಿ, ಅಡ್ಡದಾರಿಯಲ್ಲಿ ಇಳಿಯಬೇಕಾದರೆ ಬೇಕಾಗುವುದು ಅದೇ. ಕೆಲವು ಆ್ಯಪ್‌ಗಳಲ್ಲಿ ಸಮೋನ್ನತ ರೇಖೆಗಳನ್ನು ಬೇರೆಯಾಗಿ ಇಳಿಸಬೇಕು. ಏರೋಪ್ಲೇನ್ ಮೋಡ್ ಹಾಕಿ, ಪೂರ್ತಿ ಜೂಮ್ ಮಾಡಿ ಪರೀಕ್ಷಿಸಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ನಿಜ. ಆದರೆ ಉಪಗ್ರಹಗಳ ಕಕ್ಷೆಯ ಮಾಹಿತಿ ನೆಟ್‌ವರ್ಕ್‌ನಲ್ಲಿ ಬೇಗ ಸಿಗುತ್ತದೆ. ಉಪಗ್ರಹದಿಂದಲೇ ಪಡೆಯಲು ಅರ್ಧ ನಿಮಿಷವಾದರೂ ತಡೆಯಿಲ್ಲದ ಸಿಗ್ನಲ್ ಬೇಕು. ಆದ್ದರಿಂದ ಕಾಡು ಹೊಗುವ ಮೊದಲೇ ಬಯಲಲ್ಲಿ ನಿಂತು ಸ್ಥಾನ ಹಿಡಿಸಿಕೊಳ್ಳಿ.

ನಡೆಯುವ ಹಾದಿಯನ್ನು ಆ್ಯಪ್‌ನಲ್ಲಿ ದಾಖಲಿಸುವಾಗ ರೆಕಾರ್ಡಿಂಗ್ ನಡುವೆ ನಿಲ್ಲುವುದಕ್ಕೆ ಬಹುಪಾಲು ಆಂಡ್ರಾಯ್ಡ್‌ನ ಬ್ಯಾಟರಿ ಉಳಿತಾಯವೇ ಕಾರಣ. ಆ ಆ್ಯಪ್‌ಗೆ ನಿರ್ಬಂಧ ತೆಗೆದುಹಾಕಿ. ನಾನು 5 ಸೆಕೆಂಡಿಗೊಂದು ಬಿಂದು ಇಡುತ್ತೇನೆ. ಒಂದು ಸೆಕೆಂಡ್ ಇಟ್ಟರೆ ಕೂತಲ್ಲೇ ಬಿಂದುಗಳು ಅಲೆದಾಡಿ ದೂರ ಉಬ್ಬುತ್ತದೆ. ಹಾದಿ ತಪ್ಪಿದ ಎಚ್ಚರಿಕೆ, ಹಾದಿಯಿಂದ 50 ಮೀಟರ್ ಸರಿದಾಗ ಕೂಗಿದರೆ ಸಾಕು. ಅದಕ್ಕಿಂತ ಕಡಿಮೆ ಇಟ್ಟರೆ ಬಂಡೆಗೋಡೆಗೆ ಬಡಿದು ಬರುವ ಸಿಗ್ನಲ್‌ನಿಂದ ಕಣಿವೆಯಲ್ಲಿ ಸುಮ್ಮಸುಮ್ಮನೆ ಕೂಗುತ್ತದೆ. ಎತ್ತರದ ಅಂಕಿಯಲ್ಲಂತೂ ತಪ್ಪು ಇನ್ನೂ ಹೆಚ್ಚು. ಒಂದೇ ಹಾದಿಗೆ ಎರಡು ಫೋನ್ ಬೇರೆ ಬೇರೆ ಏರು ತೋರಿಸಿದರೆ ಜಗಳಾಡಬೇಡಿ.

ಬ್ಯಾಟರಿ ತಿನ್ನುವುದು ಹೆಚ್ಚಾಗಿ ಪರದೆ. ಅದನ್ನು ಆರಿಸಿ, ಚಳಿಯಲ್ಲಿ ಫೋನನ್ನು ಮೈಗೆ ತಾಗುವ ಜೇಬಿನಲ್ಲಿಡಿ. ಮಳೆಯಲ್ಲಿ ಒದ್ದೆ ಪರದೆ ಬೆರಳಿಗೆ ಸ್ಪಂದಿಸುವುದಿಲ್ಲ, ಒರೆಸಲು ಒಣಬಟ್ಟೆಯೊಂದು ಪ್ಲಾಸ್ಟಿಕ್ ಚೀಲದಲ್ಲಿರಲಿ.

ಮುಗಿದೊಡನೆ ರೆಕಾರ್ಡಿಂಗ್ ನಿಲ್ಲಿಸದಿದ್ದರೆ ಗಾಡಿಯಲ್ಲಿ ಬಂದ ದೂರವೂ ಸೇರಿ ಸರಾಸರಿ ವೇಗ ಕೆಡುತ್ತದೆ. ಆ ತುಂಡನ್ನು ಕತ್ತರಿಸಿ, ನಿಜವಾಗಿ ಹಿಡಿದ ಹೊತ್ತನ್ನು ನೇಸ್ಮಿತ್ ಲೆಕ್ಕದ ಪಕ್ಕ ಇಟ್ಟು ನೋಡಿ. ಪ್ರತಿ ಸಲವೂ ಮೂರನೇ ಒಂದರ ಬದಲು ಅರ್ಧದಷ್ಟು ಹೆಚ್ಚು ಹಿಡಿಯುತ್ತಿದ್ದರೆ ಮುಂದಿನ ಯೋಜನೆಗೆ ಅರ್ಧವನ್ನೇ ಸೇರಿಸಿ.